ಕುರ್ಚಿಯೂ ಒಂದು ಆಸನ

ಕೊಳ್ಳೇಗಾಲದಿಂದ ಹನೂರಿನ ಮಾರ್ಗವಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆಯಲ್ಲಿ ಮಧುವನಹಳ್ಳಿಯೆಂಬ ಗ್ರಾಮವಿದೆ. ಮಹಾಶಿವರಾತ್ರಿ, ಯುಗಾದಿ, ದೀಪಾವಳಿಗಳು ಹತ್ತಿರವಾದಂತೆ ಈ ದಾರಿಯಲ್ಲಿ ಕಾಲ್ನಡಿಗೆಯ ಭಕ್ತರ ಸಾಲು ಹಗಲಿರುಳೆನ್ನದೆ ಸಾಗುತ್ತದೆ. ಹೆಗಲ ಮೇಲೊಂದು ಗಂಟು, ಬಾಯಲ್ಲಿ ಮಾದಪ್ಪನ ಹೆಸರು, ಬೊಕ್ಕೆಯೆದ್ದ ಪಾದಗಳು. ಆದರೂ ಮುಖದಲ್ಲಿ ಬಳಲಿಕೆಯಿಲ್ಲ. ಕೆಲವು ವರ್ಷಗಳ ಹಿಂದೆ ಶಿವರಾತ್ರಿಯ ಮುನ್ನಾದಿನಗಳಲ್ಲಿ ನಾವು ಆ ಗ್ರಾಮದ ಭಕ್ತರೊಬ್ಬರ ಮನೆಗೆ ಬಿಜಯಂಗೈದಿದ್ದೆವು. ಆ ಮನೆಯ ಯಜಮಾನರು ಎಂಬತ್ತು ದಾಟಿದವರು. ಜಗಲಿಯಲ್ಲಿ ಹಾಕಿದ್ದ ಕುರ್ಚಿಯಲ್ಲಿ ಕುಳಿತು ದಾರಿಹೋಕರನ್ನೇ ನೋಡುತ್ತಿದ್ದರು. ಕುಶಲ ವಿಚಾರಿಸಿದಾಗ ಅವರು ಹೇಳಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ: "ಮೂವತ್ತು ವರ್ಸ ಈ ದಾರೀಲಿ ನಡ್ದೆ ಬುದ್ಧೀ. ಈಗ ಈ ಕುರ್ಚಿ ಬುಟ್ಟು ಬಚ್ಚಲಿಗೆ ಹೋಗೋದೇ ನಂಗೆ ತಾಳಬೆಟ್ಟ ಹತ್ತಿದಂಗಾಯ್ತದೆ."

ಅವರು ನಗುತ್ತಲೇ ಈ ಮಾತನ್ನಾಡಿದರು. ಆದರೆ ನಮಗೆ ನಗು ಬರಲಿಲ್ಲ. ಏಕೆಂದರೆ ಅದೇ ಸೀಮೆಯ ಮತ್ತೊಂದು ಜೀವಕ್ಕೆ ನಾವು ಸಲ್ಲಿಸದೆ ಉಳಿದ ಋಣವೊಂದು ಆ ಕ್ಷಣದಲ್ಲಿ ನೆನಪಾಯಿತು. ವಾಚಕ ಮಹಾಶಯರ ಮುಂದೆ ಅದನ್ನು ಮರೆಮಾಚದೆ ಹೇಳುವುದು ಯುಕ್ತವೆಂದು ಭಾವಿಸಿದ್ದೇವೆ.

2014ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಜೂನ್ 21ನ್ನು ಅಂತರರಾಷ್ಟ್ರೀಯ ಯೋಗ ದಿನವೆಂದು ಘೋಷಿಸಿತು. 2015ರಲ್ಲಿ ಅದರ ಮೊದಲ ಆಚರಣೆ ನಡೆದಾಗ ನಾಡಿನೆಲ್ಲೆಡೆ ಉತ್ಸಾಹ ಮೂಡಿತು. ಮರುವರ್ಷ ನಾವೂ ಈ ಭಾಗದಲ್ಲಿ ಹತ್ತು ದಿನಗಳ ಯೋಗ ಶಿಬಿರವೊಂದನ್ನು ನಡೆಸಿದೆವು. ಆಗ ನಮಗೆ ನಲವತ್ತರ ಮೇಲೆ ಕೆಲವು ವರ್ಷ. ಪಾಠಶಾಲೆಯ ದಿನಗಳಿಂದ ಮಾಡಿಕೊಂಡು ಬಂದ ಅಭ್ಯಾಸದ ಹೆಮ್ಮೆಯೂ ಇದ್ದಿತು. ಜಮಖಾನೆ ಹಾಸಿ, ಯುವಕರನ್ನು ಸಾಲಾಗಿ ಕೂರಿಸಿ, ಪದ್ಮಾಸನ, ಪಶ್ಚಿಮೋತ್ತಾನಾಸನ, ಸರ್ವಾಂಗಾಸನಗಳನ್ನು ಹೇಳಿಕೊಟ್ಟೆವು. ಮೊದಲ ದಿನವೇ ಒಬ್ಬ ವೃದ್ಧ ತಾಯಿ ಕೋಲೂರಿಕೊಂಡು ಬಂದು ಕೇಳಿದರು: "ನಂಗೆ ಕೆಳಕ್ಕೆ ಕೂತ್ಕಳಕ್ಕೆ ಆಗಾಕಿಲ್ಲ ಬುದ್ಧೀ. ಕುರ್ಚೀಲಿ ಕೂತ್ಕಂಡು ಮಾಡ್ಬೋದಾ?" ನಾವು ಹೆಚ್ಚು ಯೋಚಿಸಲಿಲ್ಲ. "ನೀವು ಕುಳಿತು ನೋಡುತ್ತಿರಿ ತಾಯಿ, ನೋಡಿದರೂ ಪುಣ್ಯ" ಎಂದೆವು. ಆ ತಾಯಿ ಹತ್ತು ದಿನವೂ ತಪ್ಪದೆ ಬಂದರು, ಹಿಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು ನೋಡಿದರು, ಕೈಮುಗಿದು ಹೋದರು.

ಮುಂದಿನ ಮಳೆಗಾಲದಲ್ಲಿ ಆಕೆ ಬಚ್ಚಲುಮನೆಯಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರೆಂದು ತಿಳಿಯಿತು. ನೋಡಲು ಹೋದೆವು. ಮಲಗಿದ್ದಲ್ಲಿಂದಲೇ ಕೈಮುಗಿದು, ಕಿಂಚಿತ್ತೂ ಕಹಿಯಿಲ್ಲದೆ, ಮೊಮ್ಮಗನೊಡನೆ ಹಾಸ್ಯವಾಡುವಂತೆ ಹೇಳಿದರು: "ನೋಡಿದ್ ಪುಣ್ಯ ಬಂದಿರ್ಬೋದು ಬುದ್ಧೀ, ಕಾಲ್ಗೆ ಬಲ ಮಾತ್ರ ಬರ್ನಿಲ್ಲ." ಕೆಲವು ತಿಂಗಳುಗಳಲ್ಲಿ ಅವರು ಶಿವಸಾಯುಜ್ಯ ಪಡೆದರು. ಅಂದು ನಾವು ಕುರ್ಚಿಯಲ್ಲೇ ನಾಲ್ಕು ಅಭ್ಯಾಸಗಳನ್ನು ಕಲಿಸಿದ್ದರೆ ಅವರು ಬೀಳುತ್ತಲೇ ಇರಲಿಲ್ಲವೆಂದು ಹೇಳುವ ಧಾರ್ಷ್ಟ್ಯ ನಮಗಿಲ್ಲ. ಆದರೆ ಕೇಳಿದವರಿಗೆ ಕೊಡಬೇಕಾದುದನ್ನು ನಾವು ಕೊಡಲಿಲ್ಲ ಎಂಬುದು ನಿಜ. ಕೊಡಲಿಲ್ಲವೇಕೆಂದರೆ ನಮಗೇ ತಿಳಿದಿರಲಿಲ್ಲ. ತಿಳಿಯಬೇಕೆಂಬ ವಿನಯವೂ ಇರಲಿಲ್ಲ.

ಆ ವಿನಯವನ್ನು ಕಲಿಸಿದ್ದು ನಮ್ಮ ಬಲಗಾಲಿನ ಮಂಡಿ. ಐವತ್ತೊಂದನೆಯ ವಯಸ್ಸಿನಲ್ಲಿ ಬೆಳಗಿನ ಲಿಂಗಪೂಜೆ ಮುಗಿಸಿ ಏಳುವಾಗ ಮಂಡಿಯಲ್ಲಿ ಚುಚ್ಚಿದಂತಾಯಿತು. ಕ್ರಮೇಣ ಅರ್ಧ ಗಂಟೆ ಚಕ್ಕಳಮಕ್ಕಳ ಹಾಕಿ ಕುಳಿತರೆ ಇಬ್ಬರು ಹಿಡಿದೆತ್ತಬೇಕಾದ ಸ್ಥಿತಿ ಬಂದಿತು. ಕೀಲಿನ ಮೃದುವಾದ ಮೂಳೆ ಸವೆದಿದೆ, ಸವೆದುದು ಮರಳಿ ಬೆಳೆಯದು, ಆದರೆ ತೊಡೆಯ ಸ್ನಾಯುಗಳನ್ನು ಬಲಪಡಿಸಿದರೆ ಮಂಡಿಯ ಹೊರೆ ಇಳಿಯುತ್ತದೆ ಎಂದು ವೈದ್ಯರು ತಿಳಿಸಿದರು. ನೆಲದ ಮೇಲೆ ಕೂರುವುದನ್ನು ಕಡಿಮೆ ಮಾಡಿರೆಂದೂ ಹೇಳಿದರು. ಪೂಜೆಯನ್ನು ಕುರ್ಚಿಯಲ್ಲಿ ಕುಳಿತು ಮಾಡುವುದೇ? ಭಕ್ತರು ಏನೆಂದುಕೊಂಡಾರು? ನಾಚಿಕೆಯಿಂದ ಹಲವು ದಿನ ಬಾಗಿಲು ಮುಚ್ಚಿಕೊಂಡು ಎತ್ತರದ ಮಣೆಯ ಮೇಲೆ ಕುಳಿತು ಪೂಜೆ ಮಾಡಿದ್ದುಂಟು. ಆಗ ನೆನಪಾದವರು ನಮ್ಮ ಲಿಂಗೈಕ್ಯ ಗುರುಗಳು. ಕಡೆಯ ವರ್ಷಗಳಲ್ಲಿ ಅವರೂ ಗೋಡೆಗೊರಗಿ, ಕಾಲು ಇಳಿಬಿಟ್ಟು, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ದೃಷ್ಟಿ ನೆಟ್ಟು ಕೂರುತ್ತಿದ್ದರು. ಬಾಲ್ಯದ ಅವಿವೇಕದಿಂದ ನಾವೊಮ್ಮೆ ಆ ಬಗ್ಗೆ ಕೇಳಿದಾಗ, "ಮಡಿಸಬೇಕಾದದ್ದು ಮನಸ್ಸನ್ನಪ್ಪಾ, ಮಂಡಿಯನ್ನಲ್ಲ" ಎಂದಿದ್ದರು. ಆ ಮಾತಿನ ಅರ್ಥ ಕೈಗೆ ಸಿಗಲು ನಮಗೆ ಮೂರು ದಶಕಗಳೇ ಬೇಕಾದವು.

ಓದಿದವರಿಗೆ ಅನುಭವವಾದ ಮೇಲೂ ಗ್ರಂಥದ ಒಪ್ಪಿಗೆ ಬೇಕಾಗುತ್ತದೆ. ನಾವೂ ಅದಕ್ಕೆ ಹೊರತಲ್ಲ. ಮತ್ತೆ ಪತಂಜಲಿಗಳ ಯೋಗಸೂತ್ರವನ್ನು ತೆರೆದೆವು. ಆ ಗ್ರಂಥದಲ್ಲಿ ಆಸನಕ್ಕೆ ಮೀಸಲಾದುದು ಕೇವಲ ಮೂರು ಸೂತ್ರಗಳು. ಅಲುಗಾಡದ ಹಾಗೂ ಸುಖವಾದ ಕೂರುವಿಕೆಯೇ ಆಸನ ಎಂಬುದು ಅಲ್ಲಿನ ಲಕ್ಷಣ. ನೆಲವೆಂಬ ಮಾತೇ ಆ ಲಕ್ಷಣದಲ್ಲಿಲ್ಲ! ಇನ್ನು ವ್ಯಾಸಭಾಷ್ಯವು ಆ ಸೂತ್ರದ ಕೆಳಗೆ ಆಸನಗಳ ಹೆಸರುಗಳನ್ನು ಎಣಿಸುವಾಗ ಪದ್ಮ, ವೀರ, ಭದ್ರ, ಸ್ವಸ್ತಿಕ, ದಂಡಗಳ ಜೊತೆಗೆ 'ಸೋಪಾಶ್ರಯ' ಎಂಬುದನ್ನೂ 'ಯಥಾಸುಖ' ಎಂಬುದನ್ನೂ ಹೇಳುತ್ತದೆ. ಸೋಪಾಶ್ರಯವೆಂದರೆ ಆಧಾರವನ್ನುಳ್ಳದ್ದು. ಯೋಗಪಟ್ಟಿಯನ್ನು ಬಳಸಿ ಕೂರುವುದೆಂದು ವಾಚಸ್ಪತಿ ಮಿಶ್ರರು ಅದನ್ನು ವಿವರಿಸಿದ್ದಾರೆ. ವಿದ್ಯಾರ್ಥಿ ದೆಸೆಯಲ್ಲಿ ಈ ಪಂಕ್ತಿಯನ್ನು ಎಷ್ಟು ಸಲ ಪಾಠ ಒಪ್ಪಿಸಿದ್ದೆವೋ! ಒಮ್ಮೆಯೂ ಅದು ವೃದ್ಧರ ಕಡೆಗೆ ಬೆರಳು ತೋರಿಸುತ್ತಿದೆಯೆಂದು ಹೊಳೆದಿರಲಿಲ್ಲ. ಹಂಪೆಯಲ್ಲಿ 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಏಕಶಿಲೆಯಿಂದ ಕಡೆದ ನರಸಿಂಹನ ಭವ್ಯ ಮೂರ್ತಿಯನ್ನು ನೋಡಿದವರು ನೆನಪಿಸಿಕೊಳ್ಳಲಿ: ಅದರ ಎರಡು ಮಂಡಿಗಳನ್ನು ಬಿಗಿದಿರುವ ಕಲ್ಲಿನ ಪಟ್ಟಿಯೇ ಯೋಗಪಟ್ಟಿ. ದೇವರ ಮಂಡಿಗೇ ಆಧಾರ ಸಲ್ಲುವುದಾದರೆ ಮನುಷ್ಯನ ಮಂಡಿಗೆ ಏಕೆ ಸಲ್ಲದು?

ಈಚಿನ ಕಾಲದ ಆಚಾರ್ಯರೂ ಇದೇ ದಾರಿಯನ್ನು ತೋರಿದವರೇ. ಇಂದು ಜಗತ್ತಿನಾದ್ಯಂತ ಹರಡಿರುವ ಆಸನಾಭ್ಯಾಸದ ಬೇರು ಬಹುಮಟ್ಟಿಗೆ ನಮ್ಮ ಮೈಸೂರಿನಲ್ಲೇ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ 'ಯೋಗಮಕರಂದ'ವನ್ನು ಪ್ರಕಟಿಸಿದ್ದು ಕನ್ನಡದಲ್ಲಿ. ಯೋಗವು ವ್ಯಕ್ತಿಯ ವಯಸ್ಸಿಗೂ ಶಕ್ತಿಗೂ ಹೊಂದಬೇಕೇ ಹೊರತು ವ್ಯಕ್ತಿಯು ಯೋಗದ ಅಚ್ಚಿಗೆ ಹೊಂದಬೇಕಾಗಿಲ್ಲವೆಂಬುದು ಅವರ ಬೋಧೆಯ ತಿರುಳಾಗಿತ್ತು. ತೊಂಬತ್ತಾರರ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದಾಗ ಅವರು ಹಾಸಿಗೆಯಲ್ಲೇ ಮಾಡಬಹುದಾದ ಅಭ್ಯಾಸಗಳನ್ನು ತಮಗಾಗಿ ರೂಪಿಸಿಕೊಂಡರೆಂದು ಅವರ ಶಿಷ್ಯವರ್ಗ ಹೇಳುತ್ತದೆ. ನೂರು ತುಂಬಿದ ಮೇಲೆ 1989ರಲ್ಲಿ ಅವರು ತೀರಿಕೊಂಡರು. ಅವರ ಶಿಷ್ಯರೂ ಭಾವಮೈದುನರೂ ಆಗಿದ್ದ ಬಿ.ಕೆ.ಎಸ್. ಅಯ್ಯಂಗಾರರು 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಜನಿಸಿದವರು. ಬಾಲ್ಯದಲ್ಲಿ ಮಲೇರಿಯಾ, ವಿಷಮಜ್ವರ, ಕ್ಷಯಗಳಿಂದ ಬಳಲಿದವರು. ಬೇನೆಯೆಂದರೇನೆಂದು ಬಲ್ಲ ಅವರು ಹಗ್ಗ, ಮರದ ತುಂಡು, ದಿಂಬು, ಕುರ್ಚಿಗಳನ್ನು ಯೋಗಶಾಲೆಯೊಳಕ್ಕೆ ತಂದರು. ಒರಗುವ ತಗಡನ್ನು ತೆಗೆದುಹಾಕಿದ ಮಡಿಸುವ ಕಬ್ಬಿಣದ ಕುರ್ಚಿ ಇಂದು ಅವರ ಪದ್ಧತಿಯ ಶಾಲೆಗಳಲ್ಲೆಲ್ಲ ಕಾಣಸಿಗುತ್ತದೆ. 2014ರಲ್ಲಿ ಅವರು ಕಾಲವಾಗುವ ವೇಳೆಗೆ ಅಸಂಖ್ಯ ರೋಗಿಗಳೂ ವೃದ್ಧರೂ ಆ ಆಧಾರಗಳ ನೆರವಿನಿಂದ ಆಸನಗಳನ್ನು ಮಾಡುವಂತಾಗಿದ್ದರು.

ಇಷ್ಟನ್ನು ತಿಳಿದ ಮೇಲೆ ಸುಮ್ಮನಿರುವುದು ಅಪರಾಧವಾಗುತ್ತಿತ್ತು. ಶರೀರದ ಚಿಕಿತ್ಸೆಯನ್ನು ಬಲ್ಲ ವೈದ್ಯರೊಬ್ಬರ ಸಲಹೆ ಪಡೆದು, ಮೊದಲು ನಮ್ಮ ಮೇಲೆಯೇ ಪ್ರಯೋಗಿಸಿಕೊಂಡು, ಅನಂತರ ಮಧುವನಹಳ್ಳಿಯ ಆ ಭಕ್ತರ ಪಡಸಾಲೆಯಲ್ಲೇ ಆರಂಭಿಸಿದೆವು. ಮೊದಲ ದಿನ ಬಂದವರು ಏಳು ಮಂದಿ. ಅವರಲ್ಲಿ ಬದುಕೆಲ್ಲ ಕೊಳ್ಳೇಗಾಲದ ರೇಷ್ಮೆ ಸೀರೆ ನೇಯ್ದ ಹಿರಿಯರೊಬ್ಬರಿದ್ದರು. ಕುರ್ಚಿಯಲ್ಲಿ ಕುಳಿತು ವ್ಯಾಯಾಮವೇ ಎಂದು ಉಳಿದವರು ಮುಸಿಮುಸಿ ನಕ್ಕಾಗ ಅವರು ತಮ್ಮ ಮಗ್ಗದ ಮಾತು ತೆಗೆದರು. ಗುಂಡಿಮಗ್ಗದಲ್ಲಿ ನೇಯುವವನು ಗುಂಡಿಯ ಅಂಚಿನಲ್ಲಿ ಕುಳಿತು ಕಾಲು ಇಳಿಬಿಟ್ಟು ಹಲಗೆ ತುಳಿಯುತ್ತಾನೆ, ಕೈಯಲ್ಲಿ ಲಾಳಿ ಆಡಿಸುತ್ತಾನೆ. "ಐವತ್ತು ವರ್ಸ ಕೂತ್ಕಂಡೇ ದುಡ್ದಿವ್ನಿ. ಕೂತೋರೆಲ್ಲ ಸುಮ್ನೆ ಕೂತವ್ರೆ ಅಂದ್ಕಬ್ಯಾಡಿ" ಎಂದರು. ನಮ್ಮ ಉಪನ್ಯಾಸಕ್ಕಿಂತ ಆ ಮಾತೇ ಹೆಚ್ಚು ಕೆಲಸ ಮಾಡಿತು.

ಈಗ ಅಭ್ಯಾಸದ ಕ್ರಮವನ್ನು ಹೇಳುತ್ತೇವೆ. ಮನೆಯಲ್ಲಿ ಹಿರಿಯರಿರುವ ವಾಚಕರು ಗಮನವಿಟ್ಟು ಓದಬೇಕು. ಮೊದಲನೆಯದು ಕುರ್ಚಿ. ನಾಲ್ಕು ಕಾಲೂ ಸಮನಾಗಿ ನೆಲಕ್ಕೆ ತಾಗುವ, ಗಟ್ಟಿಯಾದ ಮರದ ಅಥವಾ ಕಬ್ಬಿಣದ ಕುರ್ಚಿಯಾಗಬೇಕು. ತೆಳುವಾದ ಪ್ಲಾಸ್ಟಿಕ್ ಕುರ್ಚಿಯು ನಯವಾದ ನೆಲದ ಮೇಲೆ ಜಾರುತ್ತದೆ, ಹಳತಾದರೆ ಅದರ ಕಾಲುಗಳು ಅಗಲುತ್ತವೆ. ಚಕ್ರವುಳ್ಳದ್ದೂ ಆರಾಮಕುರ್ಚಿಯೂ ಸಲ್ಲವು. ಕುರ್ಚಿಯ ಬೆನ್ನು ಗೋಡೆಗೆ ತಾಗಿರಲಿ. ಪಾದಗಳೆರಡೂ ಪೂರ್ತಿಯಾಗಿ ನೆಲದ ಮೇಲೆ ಊರಿರಬೇಕು. ಎಟುಕದಿದ್ದರೆ ಕಾಲಡಿಗೆ ಗಟ್ಟಿಯಾದ ಹಲಗೆಯನ್ನೋ ಮಣೆಯನ್ನೋ ಇಡಬೇಕು. ಬರಿಗಾಲೇ ಉತ್ತಮ. ಉಂಡ ಕೂಡಲೇ ಅಭ್ಯಾಸ ಬೇಡ.

ಒರಗುವುದನ್ನು ಬಿಟ್ಟು ಬೆನ್ನು ನೇರವಾಗಿಸಿ, ಕೈಗಳನ್ನು ತೊಡೆಯ ಮೇಲಿಟ್ಟು, ಹತ್ತು ಉಸಿರುಗಳನ್ನು ಗಮನಿಸುವುದು ಪ್ರಾರಂಭ. ಉಸಿರನ್ನು ಎಲ್ಲಿಯೂ ಬಿಗಿಹಿಡಿಯಬಾರದು. ಬಳಿಕ ಪಾದಗಳು: ಹಿಮ್ಮಡಿ ಊರಿ ಬೆರಳುಗಳನ್ನೆತ್ತುವುದು, ಬೆರಳೂರಿ ಹಿಮ್ಮಡಿಯನ್ನೆತ್ತುವುದು, ಹತ್ತು ಸಲ. ಮೀನಖಂಡವು ಹೀಗೆ ಬಿಗಿದು ಸಡಿಲಿದಾಗ ಕಾಲಿನಲ್ಲಿ ನಿಂತ ರಕ್ತವು ಮೇಲಕ್ಕೆ ತಳ್ಳಲ್ಪಡುತ್ತದೆ. ದಿನವಿಡೀ ಕುಳಿತವರ ಪಾದದ ಬಾವು ಇಳಿಯಲು ಇದು ಸಹಾಯಕ. ಅನಂತರ ಒಂದು ಕಾಲನ್ನು ಮುಂದಕ್ಕೆ ನೀಡಿ, ಮಂಡಿಯನ್ನು ನೇರವಾಗಿಸಿ, ಐದು ಎಣಿಸುವವರೆಗೆ ಹಿಡಿದು ಇಳಿಸುವುದು; ಮತ್ತೆ ಇನ್ನೊಂದು ಕಾಲು. ತೊಡೆಯ ಮುಂಭಾಗದ ಸ್ನಾಯುವೇ ಮಂಡಿಯ ಕಾವಲುಗಾರ. ಅದನ್ನು ಬಲಪಡಿಸುವ ಅಭ್ಯಾಸವಿದು. ಮುಂದಿನದು ಕುಳಿತೇ ನಡೆಯುವುದು. ಎಡ ಮಂಡಿ, ಬಲ ಮಂಡಿ ಎಂದು ಒಂದಾದ ಮೇಲೊಂದನ್ನು ಎತ್ತಿ ಇಳಿಸುತ್ತ ಕೈಗಳನ್ನೂ ಬೀಸಬೇಕು. ಮಧುವನಹಳ್ಳಿಯ ಹಿರಿಯರು ಇದಕ್ಕೆ 'ಮಾದಪ್ಪನ ನಡಿಗೆ' ಎಂದು ಹೆಸರಿಟ್ಟು, ಉಘೇ ಎನ್ನುತ್ತ ಮಾಡುತ್ತಾರೆ.

ಭುಜಗಳನ್ನು ಹಿಂದಕ್ಕೆ ಸುತ್ತಿಸುವುದು, ಉಸಿರೆಳೆಯುತ್ತ ಕೈಗಳನ್ನು ನೋವಿಲ್ಲದಷ್ಟು ಎತ್ತರಕ್ಕೆತ್ತಿ ಉಸಿರು ಬಿಡುತ್ತ ಇಳಿಸುವುದು, ಮುಷ್ಟಿ ಬಿಗಿದು ಬಿಚ್ಚುವುದು ಮೇಲ್ಭಾಗದ ಅಭ್ಯಾಸಗಳು. ಗುಂಡಿ ಹಾಕಿಕೊಳ್ಳಲು, ಚೆಂಬು ಹಿಡಿಯಲು, ವಿಭೂತಿ ಧರಿಸಲು ಬೇಕಾದ ಶಕ್ತಿ ಇವುಗಳಿಂದ ಉಳಿಯುತ್ತದೆ. ಎದೆಯನ್ನು ಮೆಲ್ಲನೆ ಮುಂದೆ ತೆರೆದು ಮತ್ತೆ ಸಡಿಲಿಸುವುದು, ಬಲಕ್ಕೂ ಎಡಕ್ಕೂ ಸ್ವಲ್ಪವೇ ತಿರುಗಿ ಕುರ್ಚಿಯ ಬೆನ್ನನ್ನು ಮುಟ್ಟುವುದು ಬೆನ್ನೆಲುಬಿಗೆ ಹಿತಕರ.

ಎಲ್ಲಕ್ಕಿಂತ ಮುಖ್ಯವಾದುದು ಕುರ್ಚಿಯಿಂದ ಏಳುವುದು ಮತ್ತು ಕೂರುವುದು. ಇದನ್ನು ಅಭ್ಯಾಸವೆಂದು ಯಾರೂ ಎಣಿಸುವುದಿಲ್ಲ. ಆದರೆ ಹಾಸಿಗೆಯಿಂದ, ಶೌಚಾಲಯದಿಂದ, ಬಸ್ಸಿನ ಆಸನದಿಂದ ಪರರ ಹಂಗಿಲ್ಲದೆ ಏಳಬಲ್ಲವನೇ ಸ್ವತಂತ್ರ. ಕುರ್ಚಿಯ ಅಂಚಿಗೆ ಸರಿದು, ಪಾದಗಳನ್ನು ತುಸು ಹಿಂದಕ್ಕೆಳೆದು, ಎದೆಯನ್ನು ಮುಂದಕ್ಕೆ ಬಾಗಿಸಿ, ಕಾಲಿನ ಬಲದಿಂದ ಏಳಬೇಕು. ನಿಂತು ಎರಡು ಉಸಿರು ತೆಗೆದುಕೊಂಡು ಮೆಲ್ಲನೆ ಕೂರಬೇಕು, ಧೊಪ್ಪನೆ ಬೀಳಬಾರದು. ಪಕ್ಕದಲ್ಲಿ ಮನೆಯವರೊಬ್ಬರು ನಿಂತಿರಲಿ. ಮೊದಲು ಕೈಯೂರಿ ಎರಡು ಸಲ ಸಾಕು. ವಾರಗಳು ಕಳೆದಂತೆ ಐದಾಗಲಿ, ಹತ್ತಾಗಲಿ. ಏಳಲಾಗದವರು, ಪಾರ್ಶ್ವವಾಯುವಿನಿಂದ ಒಂದು ಬದಿ ಬಲಗುಂದಿದವರು, ಉಳಿದವುಗಳನ್ನು ಮಾಡಿದರೂ ನಷ್ಟವಿಲ್ಲ. ಕುಂದಿದ ಕೈಯನ್ನು ಗಟ್ಟಿ ಕೈಯಿಂದ ಹಿಡಿದೆತ್ತಬಹುದು. ಕೊನೆಗೆ ಕಣ್ಣು ಮುಚ್ಚಿ ಇಷ್ಟದೈವದ ನಾಮವನ್ನು ಸ್ಮರಿಸುತ್ತ ಎರಡು ನಿಮಿಷ ಸುಮ್ಮನೆ ಕುಳಿತರೆ ಅಭ್ಯಾಸ ಪೂರ್ಣ. ಎಲ್ಲ ಸೇರಿ ಇಪ್ಪತ್ತೈದು ನಿಮಿಷ ಮೀರದು.

ಎಚ್ಚರಿಕೆಯ ಮಾತುಗಳೂ ಉಂಟು. ರಕ್ತದೊತ್ತಡ ಹೆಚ್ಚಿರುವವರು, ಕಣ್ಣಿನ ಒತ್ತಡದ ಕಾಯಿಲೆಯುಳ್ಳವರು ತಲೆಯನ್ನು ಎದೆಗಿಂತ ಕೆಳಗೆ ತರಬಾರದು. ಮೂಳೆ ಟೊಳ್ಳಾದವರು ಬೆನ್ನನ್ನು ಗೂನಾಗಿ ಬಾಗಿಸುವುದೂ ಬಲವಾಗಿ ತಿರುಚುವುದೂ ಅಪಾಯ. ಒತ್ತಡದ ಮಾತ್ರೆ ಸೇವಿಸುವವರಿಗೆ ಥಟ್ಟನೆ ಎದ್ದರೆ ತಲೆ ಸುತ್ತುವುದುಂಟು. ಸೊಂಟದ ಕೀಲು ಬದಲಿಸಿಕೊಂಡವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ಹೃದ್ರೋಗಿಗಳು ವೈದ್ಯರನ್ನು ಕೇಳಿಯೇ ತೊಡಗಬೇಕು. ಎದೆನೋವು, ಏದುಸಿರು, ತಲೆಸುತ್ತು ಕಂಡರೆ ಆ ಕ್ಷಣವೇ ನಿಲ್ಲಿಸಿ ವೈದ್ಯರ ಬಳಿಗೆ ಹೋಗಬೇಕು. ಇದರಿಂದ ಕಾಯಿಲೆಗಳೆಲ್ಲ ಗುಣವಾಗುತ್ತವೆಯೆಂದು ಹೇಳುವವರನ್ನು ನಂಬಬೇಡಿ. ಔಷಧವನ್ನು ಬಿಡಬೇಡಿ. ಆದರೆ ತೊಂಬತ್ತರ ಶರೀರದ ಸ್ನಾಯು ಕೂಡ ಅಭ್ಯಾಸಕ್ಕೆ ಓಗೊಟ್ಟು ಬಲಗೊಳ್ಳಬಲ್ಲದೆಂಬುದು ಇಂದಿನ ವೈದ್ಯಶಾಸ್ತ್ರ ಒಪ್ಪಿದ ಸಂಗತಿ. ಅರವತ್ತೈದು ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನವನ್ನೂ ಬಲವನ್ನೂ ಬೆಳೆಸುವ ಅಭ್ಯಾಸ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸಲಹೆ ನೀಡಿದೆ.

2011ರ ಜನಗಣತಿಯ ವೇಳೆಗೇ ನಮ್ಮ ದೇಶದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಮಿಗಿಲಾಗಿದ್ದರು. ಇವರನ್ನು ನಾವು ಹೇಗೆ ನೋಡಿಕೊಳ್ಳುತ್ತಿದ್ದೇವೆ? ಅನಾದರದಿಂದ ನೋಡುವವರ ಮಾತು ಬೇರೆ. ನಾವು ಇಲ್ಲಿ ಹೇಳಹೊರಟಿರುವುದು ಪ್ರೀತಿಯಿಂದ ನೋಡಿಕೊಳ್ಳುವವರನ್ನು ಕುರಿತು. ಮಧುವನಹಳ್ಳಿಯ ಆ ಯಜಮಾನರ ಸೊಸೆ ಸಾಕ್ಷಾತ್ ಅನ್ನಪೂರ್ಣೆ. "ಮಾವ, ನೀವು ಏಳ್ಬ್ಯಾಡಿ, ನಾನೇ ತತ್ತೀನಿ" ಎನ್ನುವ ಮಾತು ದಿನಕ್ಕೆ ಇಪ್ಪತ್ತು ಸಲ. ನೀರು ಕುಳಿತಲ್ಲಿಗೆ, ಊಟ ಕುಳಿತಲ್ಲಿಗೆ, ವಿಭೂತಿ ಗಟ್ಟಿಯೂ ಕುಳಿತಲ್ಲಿಗೆ. ಬಿದ್ದಾರೆಂಬ ಭಯದಿಂದ ಏಳಗೊಡದಿದ್ದರೆ ಕಾಲು ಸೊರಗುತ್ತದೆ. ಕಾಲು ಸೊರಗಿದಷ್ಟೂ ಬೀಳುವ ಸಂಭವ ಹೆಚ್ಚುತ್ತದೆ. ಬಸವಣ್ಣನವರು ಕಾಲುಗಳನ್ನು ದೇಗುಲದ ಕಂಬಗಳಾಗಿ ಕಂಡರೆಂಬುದು, ಸ್ಥಾವರಕ್ಕಿಂತ ಜಂಗಮವನ್ನು ಮೇಲೆಂದು ಬಗೆದರೆಂಬುದು ವಾಚಕರಿಗೆ ತಿಳಿದೇ ಇದೆ. ಅಂಥ ಪರಂಪರೆಯ ನಾವು ನಮ್ಮ ಮನೆಯ ಹಿರಿಯರನ್ನು ಜಗಲಿಯಲ್ಲಿ ಪ್ರತಿಷ್ಠಾಪಿಸಿ, ಹೊತ್ತಿಗೆ ಸರಿಯಾಗಿ ನೈವೇದ್ಯವಿಟ್ಟು, ಸ್ಥಾವರವನ್ನಾಗಿ ಮಾಡಿಬಿಟ್ಟಿದ್ದೇವಲ್ಲವೇ? ಇದನ್ನು ಆ ತಾಯಿಗೆ ಮೃದುವಾಗಿ ತಿಳಿಸಿದೆವು. ಆಕೆ ಕಣ್ಣೊರೆಸಿಕೊಂಡು, "ತಪ್ಪಾಯ್ತು ಬುದ್ಧೀ" ಎಂದರು. ತಪ್ಪು ಆಕೆಯದಲ್ಲ ತಾಯಿ, ಮೊದಲು ನಮ್ಮದು ಎಂದು ಹತ್ತು ದಿನ ಕುಳಿತು ನೋಡಿಹೋದ ಆ ಅಜ್ಜಿಯ ಕಥೆಯನ್ನು ಹೇಳಿದೆವು.

ಮರುವರ್ಷದ ಶಿವರಾತ್ರಿಗೆ ಮತ್ತೆ ಆ ಊರಿಗೆ ಹೋದೆವು. ಯಜಮಾನರು ಬೆಟ್ಟಕ್ಕೆ ನಡೆದುಹೋಗುವಂತಾಗಿದ್ದರೆಂದು ಬರೆದರೆ ಸುಳ್ಳಾದೀತು. ಅವರು ಅದೇ ಜಗಲಿಯಲ್ಲಿ, ಅದೇ ಕುರ್ಚಿಯಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಮಜ್ಜಿಗೆಯ ಬಿಂದಿಗೆಯಿತ್ತು. ದಾರಿಯಲ್ಲಿ ಬಳಲಿದವನೊಬ್ಬ ಮೆಟ್ಟಿಲ ಬಳಿ ನಿಂತಾಗ ಅವರು ಕುರ್ಚಿಯ ಅಂಚಿಗೆ ಸರಿದು, ಪಾದ ಹಿಂದಕ್ಕೆಳೆದು, ಕೈಯೂರದೆ ಎದ್ದು ನಿಂತು, ಲೋಟ ತುಂಬಿ ಅವನ ಕೈಗೆ ಕೊಟ್ಟರು. ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹಿಡಿಯಲು ಮುಂದೆ ಬರಲಿಲ್ಲ. ಲೋಟ ಹಿಂದಿರುಗಿದ ಮೇಲೆ ಯಜಮಾನರು ಮೆಲ್ಲನೆ ಕುಳಿತು, ನಮ್ಮ ಕಡೆ ತಿರುಗಿ, "ಇವತ್ಗೆ ಹನ್ನೊಂದಾಯ್ತು ಬುದ್ಧೀ" ಎಂದರು.

ಸದ್ಭಕ್ತರೇ, ನಿಮ್ಮ ಮನೆಯ ಹಿರಿಯರು ಕೂರುವ ಕುರ್ಚಿಯನ್ನು ಇಂದೇ ಒಮ್ಮೆ ಅಲುಗಿಸಿ ನೋಡಿರಿ. ಗಟ್ಟಿಯಾಗಿದ್ದರೆ ಗೋಡೆಗೆ ತಾಗಿಸಿ ಹಾಕಿರಿ. ನೀವೂ ಎದುರಿಗೊಂದು ಕುರ್ಚಿ ಹಾಕಿಕೊಂಡು ಕುಳಿತು ಅವರೊಡನೆ ಹತ್ತು ಸಲ ಪಾದವನ್ನೆತ್ತಿ ಇಳಿಸಿರಿ. ಕೆಳಗೆ ಕೂರಲಾಗದೆಂದು ಯಾರಾದರೂ ನಿಮ್ಮ ಮುಂದೆ ಸಂಕೋಚದಿಂದ ನಿಂತರೆ, ನಾವು ಅಂದು ಹೇಳಿದಂತೆ ಮಾತ್ರ ಹೇಳಬೇಡಿರಿ.